ಜಂಗಮದ ಮನೆಯಲ್ಲಿ ಸ್ಥಾವರದ ಬುಟ್ಟಿ

ಅರಬ್ ಮರುಭೂಮಿಯ ಬೆಡೂಯಿನ್ ಜನರ ಬಗ್ಗೆ ಹೊರಗಿನವರಿಗೆ ಇರುವ ಕಲ್ಪನೆ ಬಹುಮಟ್ಟಿಗೆ ಪ್ರವಾಸಿಗರ ಪುಸ್ತಕಗಳು ಕಟ್ಟಿಕೊಟ್ಟದ್ದು. ಚಾರ್ಲ್ಸ್ ಡೌಟಿ 1888ರಲ್ಲಿ ಪ್ರಕಟಿಸಿದ ಪ್ರವಾಸ ಕಥನ, ರುವಾಲಾ ಬುಡಕಟ್ಟಿನ ರೀತಿನೀತಿಗಳನ್ನು ಕುರಿತು ಅಲೋಯಿಸ್ ಮುಸಿಲ್ 1928ರಲ್ಲಿ ಹೊರತಂದ ದೊಡ್ಡ ಗ್ರಂಥ, ರುಬ್ ಅಲ್ ಖಾಲಿ ಎಂಬ ಮಹಾ ಮರಳುಗಾಡನ್ನು 1940ರ ದಶಕದಲ್ಲಿ ಎರಡು ಬಾರಿ ದಾಟಿದ ವಿಲ್ಫ್ರೆಡ್ ಥೆಸಿಜರ್ 1959ರಲ್ಲಿ ಹೊರತಂದ ‘ಅರೇಬಿಯನ್ ಸ್ಯಾಂಡ್ಸ್’ – ಇವು ಬೇರೆ ಬೇರೆ ಮನೋಧರ್ಮದ ಪುಸ್ತಕಗಳು. ಆದರೂ ಇಂಥವನ್ನು ಓದಿದವರ ಮನಸ್ಸಿನಲ್ಲಿ ಕೊನೆಗೆ ಉಳಿಯುವ ಚಿತ್ರ ಹೆಚ್ಚುಕಡಿಮೆ ಒಂದೇ: ಆಡಿನ ಕೂದಲಿನ ಕಪ್ಪು ಗುಡಾರ, ಒಂಟೆ, ಕಾಫಿ, ಅತಿಥಿ ಸತ್ಕಾರ, ಇವುಗಳ ನಡುವೆ ಯಾರ ಹಂಗಿಗೂ ಬೀಳದ ಒಬ್ಬ ಮನುಷ್ಯ. ಸಿನಿಮಾಗಳೂ ಪ್ರವಾಸೋದ್ಯಮದ ಜಾಹೀರಾತುಗಳೂ ಇದೇ ಚಿತ್ರವನ್ನು ಹಿಗ್ಗಿಸಿ ತೋರಿಸಿದವು. ಇದು ಪೂರಾ ಸುಳ್ಳಲ್ಲ, ಆದರೆ ಅಪೂರ್ಣ. ಅದೇ ಗುಡಾರದ ಒಳಗೆ, ಹೆಂಗಸರು ಅಡುಗೆ ಮಾಡುವ, ದವಸ ಇಡುವ ಭಾಗದಲ್ಲಿ, ಖರ್ಜೂರದ ಗರಿಯಿಂದ ಹೆಣೆದ ಬುಟ್ಟಿ, ಚೀಲ, ಚಾಪೆ, ಬೀಸಣಿಗೆಗಳು ಇದ್ದವು. ಅವನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಅವುಗಳ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಈ ಸಣ್ಣ ವಸ್ತುಗಳನ್ನು ಗಂಭೀರವಾಗಿ ತೆಗೆದುಕೊಂಡರೆ ಮರುಭೂಮಿಯ ಬದುಕಿನ ಬಗೆಗಿನ ನಮ್ಮ ಕಲ್ಪನೆಯೇ ತಿದ್ದುಪಡಿಯಾಗುತ್ತದೆ ಎಂಬುದು ಈ ಲೇಖನದ ವಾದ. ಬೆಡೂಯಿನ್ ಬದುಕು ಒಂಟಿ ಬದುಕಾಗಿರಲಿಲ್ಲ. ಅದು ನೀರಿರುವ ಕಡೆ ಬೇರೂರಿ ನಿಂತ ಮರಗಳನ್ನೂ ಆ ಮರಗಳನ್ನು ಸಾಕಿದ ಜನರನ್ನೂ ನೆಚ್ಚಿಕೊಂಡ ಬದುಕಾಗಿತ್ತು. ಇದಕ್ಕೆ ಬುಟ್ಟಿಗಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ.

ಮೊದಲು ನಡೆಯುವ ಮನೆಯೊಂದರ ಲೆಕ್ಕಾಚಾರವನ್ನು ನೋಡಬೇಕು. ವರ್ಷದಲ್ಲಿ ಹಲವು ಸಲ ಬಿಚ್ಚಿ, ಕಟ್ಟಿ, ಒಂಟೆಯ ಬೆನ್ನಿಗೆ ಹೇರಿ ಸಾಗಿಸಬೇಕಾದ ಸಂಸಾರದಲ್ಲಿ ಪ್ರತಿ ಪಾತ್ರೆಯೂ ತನ್ನ ತೂಕಕ್ಕೆ ಸಮರ್ಥನೆ ಕೊಡಬೇಕಾಗುತ್ತದೆ. ಮಣ್ಣಿನ ಮಡಕೆ ಒಡೆಯುತ್ತದೆ. ತಾಮ್ರ ಭಾರ, ಜೊತೆಗೆ ದುಬಾರಿ. ಆದ್ದರಿಂದ ಅಡುಗೆಯ ಹಂಡೆ, ಊಟದ ದೊಡ್ಡ ತಟ್ಟೆ, ‘ದಲ್ಲಾ’ ಎಂಬ ಕಾಫಿಯ ಪಾತ್ರೆಯಂಥ ಕೆಲವಕ್ಕೆ ಮಾತ್ರ ಅದು ಸೀಮಿತ. ಒಳ್ಳೆಯ ಮರ ಅಪರೂಪ. ಉಳಿದದ್ದೆಲ್ಲ ಮಡಚಬಲ್ಲ, ಬಿದ್ದರೂ ಒಡೆಯದ, ಹರಿದರೆ ಕೂತಲ್ಲೇ ಹೊಲಿಯಬಲ್ಲ ಮೂರು ವಸ್ತುಗಳಿಂದ ಆಗಬೇಕಿತ್ತು. ಒಂದು, ಆಡಿನ ಕೂದಲು ಮತ್ತು ಉಣ್ಣೆ: ಗುಡಾರದ ಬಟ್ಟೆ, ನಡುವಿನ ಪರದೆ, ಹಾಸು, ಒಂಟೆಯ ಜೋಡಿಚೀಲಗಳೆಲ್ಲ ಇದರ ನೇಯ್ಗೆ. ಎರಡು, ತೊಗಲು: ನೀರಿನ ಚೀಲ, ಮಜ್ಜಿಗೆ ಕಡೆಯುವ ಚೀಲ, ತುಪ್ಪದ ಚೀಲ, ಬಾವಿಯಿಂದ ನೀರೆತ್ತುವ ಬಾನಿ ಇದರವು. ಮೂರು, ಖರ್ಜೂರದ ಗರಿ ಮತ್ತು ನಾರು. ಮೊದಲ ಎರಡೂ ಮಂದೆಯಿಂದ ಬರುತ್ತವೆ, ಅಂದರೆ ಮನೆಯ ಜೊತೆಗೇ ನಡೆದುಕೊಂಡು ಬರುತ್ತವೆ. ಮೂರನೆಯದು ಮಾತ್ರ ನಡೆಯುವುದಿಲ್ಲ. ಖರ್ಜೂರದ ಮರಕ್ಕೆ ಬುಡದಲ್ಲಿ ನೀರು ಬೇಕು, ಹೂ ಬಿಡುವ ಕಾಲಕ್ಕೆ ಗಂಡು ಮರದ ಪರಾಗವನ್ನು ಹೆಣ್ಣು ಮರಕ್ಕೆ ಕೈಯಾರೆ ಮುಟ್ಟಿಸುವವರು ಬೇಕು, ವರ್ಷವರ್ಷ ಗರಿ ಸವರುವವರು ಬೇಕು. ಇದನ್ನೆಲ್ಲ ಮಾಡಲು ಒಂದು ಕಡೆ ನೆಲೆ ನಿಂತ ಜನ ಇರಲೇಬೇಕು. ಹೀಗಾಗಿ ಗುಡಾರದೊಳಗಿನ ಪ್ರತಿ ಬುಟ್ಟಿಯೂ ಬೇರೆಲ್ಲೋ ನೆಲೆಯೂರಿದ ಒಂದು ಸಮಾಜದ ಗುರುತನ್ನು ಹೊತ್ತುಕೊಂಡೇ ಬಂದಿರುತ್ತದೆ.

ಈ ಹೆಣಿಗೆಯ ಕೆಲಸ ಹೇಗೆ ಸಾಗುತ್ತದೆ ಎಂಬುದರಲ್ಲಿ ಅದರ ಮಿತವ್ಯಯದ ವಿವೇಕ ಕಾಣುತ್ತದೆ. ಖರ್ಜೂರದ ಮರ ವರ್ಷಕ್ಕೆ 10ರಿಂದ 20 ಹೊಸ ಗರಿಗಳನ್ನು ಬಿಡುತ್ತದೆ. ಒಂದೊಂದು ಗರಿಯೂ ಹಲವು ವರ್ಷ ಬಾಳಿ ಒಣಗುತ್ತದೆ. ಹಳೆಯ ಗರಿಗಳನ್ನು ಹೇಗಿದ್ದರೂ ಸವರಿ ತೆಗೆಯಬೇಕು. ಹಾಗೆ ಸವರಿದ್ದೇ ಹೆಣಿಗೆಯ ಕಚ್ಚಾವಸ್ತು. ಗರಿಯ ನಡುದಿಂಡಿನಿಂದ ಎಲೆಗಳನ್ನು ಬಿಡಿಸಿ ಬಿಸಿಲಿಗೆ ಒಣಹಾಕುತ್ತಾರೆ. ಹೆಣೆಯುವ ಮುನ್ನ ನೀರಿನಲ್ಲಿ ನೆನೆಸಿದರೆ ಒಣಗಿ ಬಿರುಸಾದ ಎಲೆ ಮತ್ತೆ ಬಳುಕುತ್ತದೆ. ಮರದ ಸುಳಿಯ ಬಳಿಯ ಎಳೆಯ ಬಿಳಿ ಎಲೆ ಬಹಳ ನಯ, ನಾಜೂಕು ಕೆಲಸಕ್ಕೆ ಹೇಳಿಮಾಡಿಸಿದ್ದು. ಆದರೆ ಖರ್ಜೂರದ ಮರಕ್ಕೆ ಬೆಳೆಯುವ ಸುಳಿ ಒಂದೇ. ಅದಕ್ಕೆ ಪೆಟ್ಟಾದರೆ ಮರವೇ ಹೋಗುತ್ತದೆ. ಆದ್ದರಿಂದ ಆ ಎಲೆಯನ್ನು ಕೈ ಹಿಡಿದು ಬಳಸಬೇಕು. ಹೆಣಿಗೆಯಲ್ಲಿ ಮುಖ್ಯವಾಗಿ ಎರಡು ಕ್ರಮಗಳಿವೆ. ಒಂದರಲ್ಲಿ ಎಲೆಗಳನ್ನು ಜಡೆಯಂತೆ ಹೆಣೆಯುತ್ತ ಉದ್ದನೆಯ ಪಟ್ಟಿ ಮಾಡುತ್ತಾರೆ. ಕೊಲ್ಲಿ ಸೀಮೆಯಲ್ಲಿ ಇದಕ್ಕೆ ‘ಸಫೀಫಾ’ ಎನ್ನುತ್ತಾರೆ. ಪಟ್ಟಿ ಬೇಕಾದಷ್ಟು ಉದ್ದವಾದ ಮೇಲೆ ಅದನ್ನು ಸುತ್ತು ಸುತ್ತಾಗಿ ತಂದು ಅಂಚಿಗೆ ಅಂಚು ಸೇರಿಸಿ ದಬ್ಬಳದಿಂದ ಹೊಲಿದರೆ ಬುಟ್ಟಿಯೋ ಚೀಲವೋ ಚಾಪೆಯೋ ಆಗುತ್ತದೆ. ಇನ್ನೊಂದರಲ್ಲಿ ಹುಲ್ಲು ಅಥವಾ ಖರ್ಜೂರದ ಗೊನೆಯ ದಂಟಿನ ಸೀಳುಗಳನ್ನು ಸೂಡಿನಂತೆ ಹಿಡಿದು, ಸುರುಳಿಯಾಗಿ ಸುತ್ತುತ್ತ, ಪ್ರತಿ ಸುತ್ತನ್ನೂ ಹಿಂದಿನ ಸುತ್ತಿಗೆ ಎಲೆಯ ಎಳೆಯಿಂದ ಬಿಗಿದು ಹೊಲಿಯುತ್ತಾರೆ. ಮೊದಲನೆಯದು ಬೇಗ ಮುಗಿಯುತ್ತದೆ, ಮಡಚಿ ಇಡಬಹುದು. ಎರಡನೆಯದು ನಿಧಾನ, ಆದರೆ ತಟ್ಟೆಯಂತೆ ಗಟ್ಟಿ ನಿಲ್ಲುತ್ತದೆ. ಯಾವುದಕ್ಕೆ ಯಾವ ಕ್ರಮ, ಎಷ್ಟು ಬಿಗಿ ಎಂಬುದನ್ನು ಅದರೊಳಗೆ ಇಡುವ ಪದಾರ್ಥವೇ ನಿರ್ಧರಿಸುತ್ತದೆ.

ಈ ಕೊನೆಯ ಮಾತಿಗೆ ಖರ್ಜೂರದ ಚೀಲಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬೆಡೂಯಿನ್ ಆಹಾರದಲ್ಲಿ ಹಾಲಿನ ಜೊತೆಗೆ ಮುಖ್ಯ ಆಧಾರ ಖರ್ಜೂರ; ವರ್ಷವಿಡೀ ಕೆಡದೆ ಇರುವ ಸಿಹಿ, ಬೇಯಿಸದೆ ತಿನ್ನಬಹುದಾದ ಊಟ. ಅದನ್ನು ಗರಿಯ ಚೀಲಗಳಲ್ಲಿ ಒತ್ತಿ ತುಂಬುತ್ತಿದ್ದರು. ಓಯಸಿಸ್ ಊರುಗಳಲ್ಲಿ ಇಂಥ ಚೀಲಗಳನ್ನು ಪೇರಿಸಿಡಲು ‘ಮದ್‌ಬಸಾ’ ಎಂಬ ಕೋಣೆ ಇರುತ್ತಿತ್ತು. ನೆಲದಲ್ಲಿ ಸಾಲು ಸಾಲು ಕಾಲುವೆ. ಒಂದರ ಮೇಲೊಂದು ಒಟ್ಟಿದ ಚೀಲಗಳ ಭಾರಕ್ಕೆ ಕೆಳಗಿನ ಹಣ್ಣು ಹಿಂಡಿ, ರಸ ಹೆಣಿಗೆಯ ಸಂದಿನಿಂದ ಜಿನುಗಿ, ಕಾಲುವೆಯಲ್ಲಿ ಹರಿದು ಗುಡಾಣ ಸೇರುತ್ತಿತ್ತು. ಬಹ್ರೇನಿನ ಕಲ್ಅತ್ ಅಲ್ ಬಹ್ರೇನ್ ನಿವೇಶನದಲ್ಲಿ, ಕತಾರಿನ ಅಲ್ ಜುಬಾರಾದಲ್ಲಿ, ಒಮಾನಿನ ಕೋಟೆಗಳಲ್ಲಿ ಇಂಥ ಕೋಣೆಗಳನ್ನು ಇಂದಿಗೂ ನೋಡಬಹುದು. ಇಲ್ಲಿ ಗರಿಯ ಚೀಲ ಸುಮ್ಮನೆ ಹಣ್ಣನ್ನು ಹಿಡಿದಿಟ್ಟದ್ದಲ್ಲ, ಸೋಸಿತು. ತೊಗಲಿನ ಚೀಲವಾಗಿದ್ದರೆ ರಸ ಒಳಗೇ ನಿಲ್ಲುತ್ತಿತ್ತು, ಮಡಕೆಯಾಗಿದ್ದರೆ ಆ ಭಾರಕ್ಕೆ ಒಡೆಯುತ್ತಿತ್ತು. ಹಣ್ಣನ್ನು ತಡೆದು ರಸವನ್ನು ಬಿಡುವಷ್ಟು ಸಂದು ಎಷ್ಟು ಎಂಬ ಅಳತೆ ಹೆಣೆಯುವವಳ ಬೆರಳಿನಲ್ಲಿತ್ತು. ಹೀಗೆ ಹಿಂಡಿ ಗಟ್ಟಿಯಾದ ಖರ್ಜೂರದ ಚೀಲವೇ ಒಂಟೆಯ ಮೇಲೇರಿ ಮರಳುಗಾಡಿಗೆ ಹೋಗುತ್ತಿತ್ತು. ಗುಡಾರದಲ್ಲಿ ಬುತ್ತಿ ಬಿಚ್ಚಿದಾಗಲೆಲ್ಲ ಓಯಸಿಸಿನ ತೋಟ, ಉಗ್ರಾಣ, ಕೂಲಿ ಎಲ್ಲವೂ ಆ ಚೀಲದ ರೂಪದಲ್ಲಿ ಅಲ್ಲಿರುತ್ತಿದ್ದವು.

ದಿನದ ಬಳಕೆಯ ಉಳಿದ ವಸ್ತುಗಳಲ್ಲೂ ಇದೇ ಬಗೆಯ ತಿಳಿವಳಿಕೆ ಇದೆ. ಊಟಕ್ಕೆ ಹಾಸುವ ದುಂಡನೆಯ ಗರಿಚಾಪೆ ಮರಳನ್ನು ಅನ್ನದಿಂದ ದೂರ ಇಡುತ್ತದೆ. ಊಟವಾದ ಮೇಲೆ ಕೊಡವಿದರೆ ಸ್ವಚ್ಛ. ಅಪರೂಪದ ನೀರು ತೊಳೆಯಲು ಖರ್ಚಾಗುವುದಿಲ್ಲ. ನೊಣ, ಧೂಳು ಬೀಳದಂತೆ ಊಟದ ತಟ್ಟೆಯ ಮೇಲೆ ಮುಚ್ಚುವ ಶಂಕುವಿನಾಕಾರದ ಹೆಣಿಗೆಯ ಮುಚ್ಚಳ ಗಾಳಿಯನ್ನು ಒಳಗೆ ಬಿಡುವುದರಿಂದ ಬಿಸಿ ಅನ್ನ ಬೆವರಿ ಹಳಸುವುದಿಲ್ಲ. ಚೌಕಾಕಾರದ ಗರಿಯ ಹೆಣಿಗೆಗೆ ಕೋಲು ಸಿಕ್ಕಿಸಿದ ಬೀಸಣಿಗೆ ಬೇಸಿಗೆಯ ಸೆಕೆಗೂ ಬೇಕು, ಒಲೆಯ ಕೆಂಡ ಕೆರಳಿಸಲೂ ಬೇಕು. ಗರಿಯ ದಿಂಡಿನಿಂದ ಕಟ್ಟಿದ ಚೌಕಟ್ಟಿನ ಮೇಲೆ ಬಟ್ಟೆ ಹರವಿ ಕೆಳಗೆ ಧೂಪ ಹಾಕಿದರೆ, ಒಗೆಯಲು ನೀರಿಲ್ಲದ ಕಡೆಯೂ ಬಟ್ಟೆಗೆ ಪರಿಮಳ ಹತ್ತುತ್ತದೆ. ಮರದ ಕಾಂಡಕ್ಕೆ ಅಂಟಿಕೊಂಡ ಒರಟು ನಾರಿನಿಂದ ಹೊಸೆದ ಹಗ್ಗ ಬಾವಿಗೆ, ಹೇರು ಬಿಗಿಯಲು, ಮರ ಹತ್ತುವವನ ಸೊಂಟದ ಪಟ್ಟಿಗೆ ಎಲ್ಲಕ್ಕೂ ಆಗುತ್ತದೆ. ಒಮಾನಿನ ಧೋಫಾರ್ ಸೀಮೆಯಲ್ಲಿ ಲುಬಾನ್ ಧೂಪದ ಅಂಟನ್ನು ಮರದ ತೊಗಟೆಯಿಂದ ಕೆರೆದು ಕೂಡಿಸುತ್ತಿದ್ದುದೂ ಇಂಥ ಬುಟ್ಟಿಗಳಲ್ಲೇ. ಪ್ರಾಚೀನ ಕಾಲದಿಂದ ದೂರದೇಶಗಳ ದೇಗುಲಗಳಿಗೆ ಹೋಗುತ್ತಿದ್ದ ಅಮೂಲ್ಯ ಸರಕಿನ ಮೊದಲ ಪಾತ್ರೆ ಎಲೆಯ ಹೆಣಿಗೆ. ನೀರು, ಉರುವಲು, ತೂಕ ಈ ಮೂರರ ಉಳಿತಾಯವೇ ಮರುಭೂಮಿಯಲ್ಲಿ ಬದುಕುವ ವಿದ್ಯೆ ಎನ್ನುವುದಾದರೆ, ಬುಟ್ಟಿಯನ್ನು ಅಲಂಕಾರದ ಪಟ್ಟಿಯಿಂದ ತೆಗೆದು ತಂತ್ರಜ್ಞಾನದ ಪಟ್ಟಿಗೆ ಸೇರಿಸಬೇಕು.

ದಕ್ಷಿಣ ಒಮಾನಿನ ಹಾಲಿನ ಬುಟ್ಟಿಗಳು ಈ ವಾದವನ್ನು ಇನ್ನೂ ಮುಂದಕ್ಕೆ ಒಯ್ಯುತ್ತವೆ. ಅಲ್ಲಿ ಖರ್ಜೂರದ ಜೊತೆಗೆ ‘ಘದಫ್’ ಎಂಬ ಕುಳ್ಳು ತಾಳೆಜಾತಿಯ ಗಿಡದ ಎಲೆಯನ್ನೂ ಬಳಸುತ್ತಾರೆ. ಸುರುಳಿ ಕ್ರಮದಲ್ಲಿ ಬಹಳ ಬಿಗಿಯಾಗಿ ಹೊಲಿದ ಬಟ್ಟಲಿನ ತಳಕ್ಕೆ ತೊಗಲು ಕಟ್ಟಿ, ಅದರಲ್ಲಿ ಹಾಲು ಕರೆಯುತ್ತಿದ್ದರು. ದ್ರವ ತಾಗಿದಾಗ ಎಲೆಯ ನಾರು ಉಬ್ಬಿ ಹೊಲಿಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ. ತೊಗಲಿನ ತಳ ಸವೆತವನ್ನು ತಡೆಯುತ್ತದೆ. ಒಂಟೆಯ ಕೆಚ್ಚಲು ಎತ್ತರದಲ್ಲಿರುವುದರಿಂದ ನಿಂತುಕೊಂಡೇ, ಒಂದು ಕಾಲು ಮಡಚಿ, ಮೊಣಕಾಲ ಮೇಲೆ ಪಾತ್ರೆ ಇಟ್ಟು ಹಾಲು ಕರೆಯುವುದು ವಾಡಿಕೆ. ಆ ಭಂಗಿಗೆ ಹಗುರವಾದ, ಜಾರಿ ಬಿದ್ದರೂ ಒಡೆಯದ ಪಾತ್ರೆಯೇ ಸರಿ. ಈ ಒಂದು ಬಟ್ಟಲಿನಲ್ಲಿ ಗಿಡ ಮತ್ತು ಮಂದೆ, ಎಲೆ ಮತ್ತು ತೊಗಲು ಒಂದೇ ಹೊಲಿಗೆಯಲ್ಲಿ ಸೇರಿವೆ. ಅಲೆಮಾರಿಯ ಕಸುಬು ಬೇರೆ, ನೆಲೆ ನಿಂತವರ ಕಸುಬು ಬೇರೆ ಎಂದು ಗೆರೆ ಎಳೆಯುವವರು ಈ ಬಟ್ಟಲನ್ನು ಯಾವ ಕಡೆಗೆ ಹಾಕುತ್ತಾರೆ?

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ, ಅದಕ್ಕೆ ತೂಕವೂ ಇದೆ. ಬೆಡೂಯಿನ್ ಜನರ ನಿಜವಾದ ಕಲೆ ನೇಯ್ಗೆ. ಗುಡಾರವನ್ನೂ ‘ಸದು’ ಎಂಬ ಪಟ್ಟೆ ನೇಯ್ಗೆಯನ್ನೂ ಮಾಡುವುದು ಅವರೇ. ಗರಿಯ ಹೆಣಿಗೆ ಓಯಸಿಸ್ ರೈತರದು, ಬೆಡೂಯಿನ್ನರು ಅದನ್ನು ಕೊಂಡು ತಂದವರು ಮಾತ್ರ, ಆದ್ದರಿಂದ ‘ಬೆಡೂಯಿನ್ ಬುಟ್ಟಿ’ ಎಂಬ ಮಾತೇ ತಪ್ಪು ಎನ್ನಬಹುದು. ಉತ್ತರ ಅರೇಬಿಯಾ ಮತ್ತು ಸಿರಿಯಾದ ಹುಲ್ಲುಗಾವಲಿನಲ್ಲಿ ದೂರ ದೂರ ಅಲೆಯುತ್ತಿದ್ದ ದೊಡ್ಡ ಒಂಟೆ ಬುಡಕಟ್ಟುಗಳ ಮಟ್ಟಿಗೆ ಇದು ಬಹುತೇಕ ನಿಜ. ಆದರೆ ಆ ಬುಡಕಟ್ಟುಗಳೇ ಬೆಡೂಯಿನ್ ಬದುಕಿನ ಏಕೈಕ ಮಾದರಿಯಲ್ಲ. ಅಬುಧಾಬಿಯ ಬನೀ ಯಾಸ್ ಜನರನ್ನು ನೋಡಿ. ಅವರಿಗೆ ಮರಳುಗಾಡಿನ ಅಂಚಿನ ಲಿವಾದಲ್ಲಿ ಖರ್ಜೂರದ ತೋಟಗಳಿದ್ದವು. ಚಳಿಗಾಲದಲ್ಲಿ ಒಂಟೆ ಮೇಯಿಸಿದ ಮನೆಯ ಗಂಡಸರೇ ಬೇಸಿಗೆಯಲ್ಲಿ ಸಮುದ್ರಕ್ಕಿಳಿದು ಮುತ್ತು ಹೆಕ್ಕುತ್ತಿದ್ದರು. ಒಮಾನಿನ ವಹೀಬಾ ಮರಳುಗಾಡಿನ ಜನ ಬೇಸಿಗೆಯಲ್ಲಿ ಮರಳಿನ ಅಂಚಿನ ಓಯಸಿಸ್‌ಗಳಿಗೆ ಬಂದು ಖರ್ಜೂರ ಕೊಯ್ಲಿನ ಕಾಲದಲ್ಲಿ ಅಲ್ಲೇ ಬೀಡು ಬಿಡುತ್ತಿದ್ದರು, ಎಷ್ಟೋ ಮಂದಿಗೆ ಅಲ್ಲಿ ಸ್ವಂತ ಮರಗಳೂ ಇದ್ದವು. ಒಂದೇ ಬುಡಕಟ್ಟಿನ ಒಂದು ಶಾಖೆ ಊರಿನಲ್ಲಿ, ಇನ್ನೊಂದು ಗುಡಾರದಲ್ಲಿ ಇರುವುದು ಅರೇಬಿಯಾದ ಉದ್ದಗಲಕ್ಕೂ ಸಾಮಾನ್ಯ. ಇಂಥ ಕಡೆಗಳಲ್ಲಿ ಗರಿ ಹೆಣೆದ ಕೈ ಯಾವುದು ಎಂದು ವಿಂಗಡಿಸುವುದೇ ಕೃತಕ. ಇನ್ನು ಕೊಂಡು ತಂದ ಕಡೆಗಳಲ್ಲಿ ನನ್ನ ವಾದ ದುರ್ಬಲವಾಗುವುದಿಲ್ಲ, ಬಲವಾಗುತ್ತದೆ. ತುಪ್ಪ, ಕುರಿ, ಉಣ್ಣೆ, ಒಂಟೆ ಕೊಟ್ಟು ಖರ್ಜೂರ, ಬುಟ್ಟಿ, ಬಟ್ಟೆ, ಕಾಫಿ, ಅಕ್ಕಿ ತರುವ ಋತುಮಾನದ ವಿನಿಮಯ ಇಲ್ಲದೆ ಗುಡಾರದ ಬದುಕು ಸಾಗುತ್ತಲೇ ಇರಲಿಲ್ಲ ಎಂಬುದನ್ನು ಅದು ಒಪ್ಪಿಕೊಂಡಂತಾಯಿತು.

ಈ ವಿನಿಮಯದ ಕೊಂಡಿಗಳು ಮರುಭೂಮಿಯ ಆಚೆಗೂ ಚಾಚಿದ್ದವು. ಕೊಲ್ಲಿಯ ಅಕ್ಕಿಯ ಬಹುಪಾಲು ಹೋಗುತ್ತಿದ್ದುದು ಭಾರತದ ರೇವುಗಳಿಂದ. 18ನೇ ಶತಮಾನದಲ್ಲಿ ಮಂಗಳೂರಿನ ಅಕ್ಕಿಗಾಗಿ ಒಮಾನಿ ಹಡಗುಗಳು ಕರಾವಳಿಗೆ ಬರುತ್ತಿದ್ದವು. ಟಿಪ್ಪು ಸುಲ್ತಾನ್ ಮಸ್ಕತ್ ನಗರದಲ್ಲಿ ಮೈಸೂರಿನ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಅರಬ್ ರೇವುಗಳಿಂದ ನಮ್ಮ ಕಡೆಗೆ ಬರುತ್ತಿದ್ದ ಸರಕಿನಲ್ಲಿ ಖರ್ಜೂರವೂ ಇತ್ತು. ಹೀಗಾಗಿ ಒಮಾನಿನ ಒಳನಾಡಿನ ಗುಡಾರದ ಊಟದ ಚಾಪೆಯ ಮೇಲೆ ಬಡಿಸಿದ ಅನ್ನ ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟರೆ ದಾರಿ ಕನ್ನಡ ಕರಾವಳಿಯ ಗದ್ದೆಗಳವರೆಗೂ ಬರಬಹುದು. ಯಾರ ಹಂಗೂ ಇಲ್ಲದ ಮರುಭೂಮಿ ಎಂಬ ಕಲ್ಪನೆಗೆ ಈ ಭೂಗೋಳದಲ್ಲಿ ಎಡೆಯಿಲ್ಲ.

ಎರಡನೆಯ ಆಕ್ಷೇಪ ಸಾಕ್ಷ್ಯದ ಬಗ್ಗೆ. ಕೆಲವು ವರ್ಷಗಳಲ್ಲಿ ಸವೆದು ಒಲೆ ಸೇರುವ ವಸ್ತುವಿನ ಮೇಲೆ ಇಷ್ಟು ದೊಡ್ಡ ವಾದ ಕಟ್ಟಬಹುದೇ? ಕತ್ತಿ, ಆಭರಣ, ಕಾಫಿಯ ದಲ್ಲಾ ಉಳಿದಿವೆ. ಕಾವ್ಯ ಹಾಡಿರುವುದು ಒಂಟೆಯನ್ನು, ಕಾಳಗವನ್ನು, ಪ್ರೇಮವನ್ನು. ಬುಟ್ಟಿ ಮಹತ್ವದ್ದಾಗಿದ್ದರೆ ಅದರ ಗುರುತು ಏಕಿಲ್ಲ? ಗುರುತು ಇದೆ, ನಾವು ಹುಡುಕುವ ಕಡೆ ಇಲ್ಲ ಅಷ್ಟೆ. ಬೆಡೂಯಿನ್ ಎಂಬ ಗುರುತು ಹುಟ್ಟುವುದಕ್ಕೂ ಬಹಳ ಹಿಂದೆ, ಸುಮಾರು 10,500 ವರ್ಷಗಳಷ್ಟು ಹಿಂದೆ ಹೆಣೆದ ಇಡೀ ಬುಟ್ಟಿಯೊಂದು ಜುದೇಯ ಮರುಭೂಮಿಯ ಮುರಬ್ಬಆತ್ ಗುಹೆಯಲ್ಲಿ ಸಿಕ್ಕಿದ್ದನ್ನು 2021ರಲ್ಲಿ ಪ್ರಕಟಿಸಲಾಯಿತು. ಅದರಲ್ಲಿ ಸುಮಾರು 100 ಲೀಟರಿನಷ್ಟು ಪದಾರ್ಥ ಹಿಡಿಸುತ್ತದೆ. ಆ ಸೀಮೆಯಲ್ಲಿ ಮಡಕೆ ಬರುವುದಕ್ಕೂ ಮೊದಲಿನ ಕಾಲ ಅದು. ಒಮಾನಿನ ರಾಸ್ ಅಲ್ ಜಿನ್ಜ್ ನಿವೇಶನದಲ್ಲಿ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಡಾಂಬರಿನ ತುಂಡುಗಳ ಮೇಲೆ ಚಾಪೆ, ಹಗ್ಗ, ಜೊಂಡಿನ ಅಚ್ಚುಗಳು ಮೂಡಿವೆ. ಅವು ಕೊಳೆತು ಹೋದ ದೋಣಿಗಳ ಗುರುತು. ಅಬುಧಾಬಿಯ ದಲ್ಮಾ ದ್ವೀಪದಲ್ಲಿ ಸಿಕ್ಕ ಖರ್ಜೂರದ ಬೀಜಗಳು ಸುಮಾರು 7,000 ವರ್ಷ ಹಳೆಯವು. ಎಲೆ, ನಾರು, ಹೆಣಿಗೆಗಳು ಈ ಭೂಭಾಗದ ಅತ್ಯಂತ ಹಳೆಯ ಸಾಮಗ್ರಿಗಳ ಸಾಲಿಗೆ ಸೇರುತ್ತವೆ ಎನ್ನಲು ಇಷ್ಟು ಸಾಕು. ಅವುಗಳ ಬಗ್ಗೆ ಮೌನ ಇರುವುದಕ್ಕೆ ಕಾರಣ ಬೇರೆ. ಬುಡಕಟ್ಟಿನ ಗೌರವದ ಕಲ್ಪನೆಯಲ್ಲಿ ಗಂಡಸಿನ ಕೈಗೆ ಒಪ್ಪುವುದು ಹಗ್ಗ, ಕತ್ತಿ, ಕಾಫಿಯ ಪಾತ್ರೆ. ಕೈಕಸುಬನ್ನು ಕಮ್ಮಾರರಿಗೆ, ಸುಲುಬ್ಬಾದಂಥ ಕೆಳಗಿನವರೆಂದು ಎಣಿಸಿದ ಗುಂಪುಗಳಿಗೆ, ಮನೆಯ ಹೆಂಗಸರಿಗೆ ಬಿಡಲಾಗಿತ್ತು. ಪ್ರವಾಸಿಗರು ಕುಳಿತದ್ದೂ ಗುಡಾರದ ಗಂಡಸರ ಭಾಗದಲ್ಲೇ. ಕಾವ್ಯವೂ ಪ್ರವಾಸ ಕಥನವೂ ಪರದೆಯ ಒಂದೇ ಬದಿಯಿಂದ ಹುಟ್ಟಿದ್ದರಿಂದ ಇನ್ನೊಂದು ಬದಿಯ ದುಡಿಮೆ ದಾಖಲೆಯಿಂದ ಹೊರಗುಳಿಯಿತು. ಹೀಗೆ ಹೊರಗುಳಿದದ್ದನ್ನು ನಗಣ್ಯ ಎಂದು ತಿಳಿದರೆ ಹಳೆಯ ಪಕ್ಷಪಾತವನ್ನೇ ನಾವು ಸಂಶೋಧನೆಯ ಹೆಸರಿನಲ್ಲಿ ಮುಂದುವರಿಸಿದಂತೆ.

ಮೂರನೆಯ ಆಕ್ಷೇಪ ಹೆಚ್ಚು ಕಠಿಣವಾದದ್ದು. ಪರಸ್ಪರ ಅವಲಂಬನೆ ಎಂಬ ಮಾತು ಕೇಳಲು ಹಿತ, ಆದರೆ ಮರುಭೂಮಿ ಮತ್ತು ಓಯಸಿಸಿನ ಸಂಬಂಧ ಸೌಹಾರ್ದದ್ದಾಗಿತ್ತೇ ಎಂದು ಕೇಳುವವರಿದ್ದಾರೆ. ಇರಲಿಲ್ಲ, ಅಥವಾ ಯಾವಾಗಲೂ ಇರಲಿಲ್ಲ. ಬಲವಾದ ಬುಡಕಟ್ಟುಗಳು ಊರಿನವರಿಂದ, ದುರ್ಬಲ ಗುಂಪುಗಳಿಂದ ರಕ್ಷಣೆಯ ಹೆಸರಿನಲ್ಲಿ ‘ಖುವ್ವಾ’ ಎಂಬ ಕಾಣಿಕೆ ವಸೂಲು ಮಾಡುತ್ತಿದ್ದವು. ಕೊಡದಿದ್ದರೆ ದಾಳಿಯ ಭಯ. ಮರದ ಒಡೆಯ ಒಬ್ಬ, ದುಡಿಯುವ ಪಾಲುಗಾರ ಇನ್ನೊಬ್ಬ ಆಗಿರುವುದು ಮಾಮೂಲು. 19ನೇ ಶತಮಾನದ ಕೊನೆಯಲ್ಲಿ ಖರ್ಜೂರಕ್ಕೆ ಹೊರದೇಶಗಳಲ್ಲಿ ಬೇಡಿಕೆ ಏರಿದಾಗ ಒಮಾನಿನ ಬಾತಿನಾ ಕರಾವಳಿಯ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರನ್ನು ದುಡಿಸಲಾಯಿತು. ಇದನ್ನು ಮರೆಮಾಚಿ ಗರಿಯ ಬುಟ್ಟಿಯನ್ನು ಹೊಗಳುವುದು ಅನ್ಯಾಯ. ಆದರೆ ಅವಲಂಬನೆ ಎಂದರೆ ಸಮಾನತೆ ಎಂದು ಈ ಲೇಖನ ಎಲ್ಲೂ ಹೇಳುತ್ತಿಲ್ಲ. ಬಲವಂತದ ಸಂಬಂಧವೂ ಸಂಬಂಧವೇ. ಅದನ್ನು ಕಾಣದಂತೆ ಮಾಡುವುದರಿಂದ ಲಾಭ ಆಗುವುದು ಬಲವಂತ ಮಾಡಿದವರಿಗೆ. ಸ್ವಾವಲಂಬಿ ವೀರನ ಚಿತ್ರ ಅಳಿಸಿ ಹಾಕುವುದು ಮೊದಲು ಯಾರನ್ನು? ನೀರು ಹಾಯಿಸಿದವನನ್ನು, ಮರ ಹತ್ತಿದವನನ್ನು, ಎಲೆ ನೆನೆಸಿ ಹೆಣೆದವಳನ್ನು. ಬುಟ್ಟಿಯನ್ನು ಮತ್ತೆ ಚಿತ್ರದೊಳಗೆ ತರುವುದೆಂದರೆ ಅವರ ದುಡಿಮೆಯನ್ನೂ, ಆ ದುಡಿಮೆಗೆ ಸಿಕ್ಕದ ನ್ಯಾಯವನ್ನೂ ಒಟ್ಟಿಗೆ ತರುವುದು.

ನಾಲ್ಕನೆಯ ಮಾತು ಇಂದಿನ ದಿನಗಳದ್ದು. ಪ್ಲಾಸ್ಟಿಕ್ ಬುಟ್ಟಿ ಅಗ್ಗ, ಹಗುರ, ನೀರು ಸೋರುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಗರಿ ಹೆಣೆದು ಬೆರಳು ಸವೆಸಿಕೊಂಡ ಹೆಂಗಸರಿಗೆ ಅದು ಬಿಡುಗಡೆಯೇ ಆಗಿತ್ತಲ್ಲವೇ? ಹೌದು. 20ನೇ ಶತಮಾನದ ಮಧ್ಯದಿಂದ ತೈಲದ ಹಣ, ಲಾರಿ, ಸರ್ಕಾರಿ ಮನೆ, ಶಾಲೆಗಳು ಬಂದಾಗ ಹಳೆಯ ಪಾತ್ರೆಗಳನ್ನು ಕೈಬಿಟ್ಟವರನ್ನು ದೂರುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಬಡತನವನ್ನು ಪರಂಪರೆ ಎಂದು ಕರೆದು ಅದರೊಳಗೇ ಇರಿ ಎನ್ನುವುದು ಕ್ರೌರ್ಯ. ಆದರೂ ಲೆಕ್ಕವನ್ನು ಪೂರ್ತಿ ಬರೆಯಬೇಕು. ಗರಿಯ ಬುಟ್ಟಿ ಸವೆದ ಮೇಲೆ ಆಡು ಮೇಯಬಹುದು, ಒಲೆಗೆ ಹಾಕಬಹುದು, ಮರಳಿನಲ್ಲಿ ಬಿಟ್ಟರೆ ಪುಡಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್ ಹಾಗೆ ಹೋಗುವುದಿಲ್ಲ. ದುಬೈನಲ್ಲಿ 2008ರಿಂದ ಪರೀಕ್ಷೆಗೆ ಬಂದ ಸುಮಾರು 30,000 ಸತ್ತ ಒಂಟೆಗಳ ಪೈಕಿ 300ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟುಗಳಿದ್ದವು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆಡೂಯಿನ್ ಬದುಕಿನ ಆಧಾರವೇ ಆದ ಪ್ರಾಣಿಯನ್ನು ಚೀಲವೊಂದು ಕೊಲ್ಲುತ್ತಿದೆ ಎಂದಾದರೆ, ಅದನ್ನು ಅಗ್ಗ ಎನ್ನುವಾಗ ಯಾರ ಜೇಬಿನಿಂದ ಬೆಲೆ ಹೋಗುತ್ತಿದೆ ಎಂದು ಕೇಳಬೇಕಾಗುತ್ತದೆ. ಹಳೆಯದಕ್ಕೆ ಎಲ್ಲರೂ ಮರಳಬೇಕಿಲ್ಲ. ಊಟದ ಚಾಪೆ, ಖರ್ಜೂರದ ಚೀಲ, ಮುಚ್ಚಳ, ಬೀಸಣಿಗೆಯಂಥ ಕೆಲವು ಕಡೆ ಗರಿ ಈಗಲೂ ಪ್ಲಾಸ್ಟಿಕ್‌ಗಿಂತ ಒಳ್ಳೆಯ ಕೆಲಸ ಮಾಡುತ್ತದೆ. ಅಲ್ಲಿ ಅದನ್ನು ಉಳಿಸಿಕೊಳ್ಳಲು ಭಾವುಕತೆ ಬೇಕಿಲ್ಲ, ವ್ಯವಹಾರಜ್ಞಾನ ಸಾಕು.

ಇಂದು ಈ ಕಸುಬನ್ನು ಉಳಿಸುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಒಮಾನ್ 2003ರಲ್ಲಿ ಕರಕುಶಲಕ್ಕಾಗಿಯೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಶಾರ್ಜಾದ ಇರ್ಥಿ ಮಂಡಳಿ ಸಫೀಫಾ ಹೆಣೆಯುವ ಹೆಂಗಸರನ್ನು ಇಂದಿನ ವಿನ್ಯಾಸಕಾರರ ಜೊತೆ ಸೇರಿಸಿದೆ. ಸೌದಿ ಅರೇಬಿಯಾ 2025ನ್ನು ಕರಕುಶಲ ವರ್ಷವೆಂದು ಘೋಷಿಸಿತು. ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗಳಲ್ಲಿ ಸದು ನೇಯ್ಗೆಯನ್ನು 2011ರಲ್ಲೂ 2020ರಲ್ಲೂ, ಖರ್ಜೂರದ ಮರದ ಸುತ್ತಲಿನ ಜ್ಞಾನ, ಕೌಶಲ, ಆಚರಣೆಗಳನ್ನು 2019ರಲ್ಲಿ 14 ದೇಶಗಳ ಹೆಸರಿನಲ್ಲಿ, 2022ರಲ್ಲಿ 15 ದೇಶಗಳ ಹೆಸರಿನಲ್ಲಿ ಸೇರಿಸಿಕೊಂಡಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಈ ಪಟ್ಟಿಗಳ ವಿಂಗಡಣೆಯಲ್ಲೇ ಹಳೆಯ ಗೆರೆ ಇಣುಕುತ್ತದೆ: ಉಣ್ಣೆಯ ನೇಯ್ಗೆ ಅಲೆಮಾರಿಯ ಪರಂಪರೆ, ಖರ್ಜೂರ ತೋಟದವನ ಪರಂಪರೆ. ಇವೆರಡರ ನಡುವೆ ಓಡಾಡಿದ ಬುಟ್ಟಿ, ತೊಗಲಿನ ತಳದ ಹಾಲಿನ ಬಟ್ಟಲು, ಒಂಟೆಯ ಮೇಲಿನ ಗರಿಚೀಲ ಎರಡೂ ಕಡತಗಳ ಹೊಲಿಗೆಯ ಸಂದಿನಲ್ಲಿ ಬಿದ್ದುಹೋಗುತ್ತವೆ. ಬುಟ್ಟಿಯನ್ನು ಗೋಡೆಗೆ ತೂಗುಹಾಕುವ ವಸ್ತುವಾಗಿ ಉಳಿಸಿದರೆ ಉಳಿಯುವುದು ಆಕಾರ ಮಾತ್ರ. ಎಲೆ ಯಾವ ತೋಟದ್ದು, ಸವರಿದವರಿಗೆ ಏನು ಸಿಕ್ಕಿತು, ಹೆಣೆದವಳಿಗೆ ತನ್ನ ಗಂಟೆಗಳಿಗೆ ತಕ್ಕ ಕೂಲಿ ಬಂತೇ, ಕೊಂಡವರು ಅದನ್ನು ಬಳಸುತ್ತಾರೆಯೇ – ಈ ಪ್ರಶ್ನೆಗಳಿಗೆ ಉತ್ತರ ಇದ್ದಾಗ ಕಸುಬು ಉಳಿಯುತ್ತದೆ. ಸೌದಿಯ ಅಲ್ ಅಹ್ಸಾ ಓಯಸಿಸಿನಲ್ಲಿ 25 ಲಕ್ಷ ಖರ್ಜೂರದ ಮರಗಳಿವೆ ಎಂದು ಯುನೆಸ್ಕೊ 2018ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವಾಗಿ ಘೋಷಿಸುವಾಗ ದಾಖಲಿಸಿತು. ಅಷ್ಟು ಮರಗಳಿಂದ ವರ್ಷವರ್ಷ ಇಳಿಯುವ ಗರಿಯ ರಾಶಿಯನ್ನು ನೆನೆದರೆ, ಕಚ್ಚಾವಸ್ತುವಿಗೆ ಕೊರತೆ ಇದೆ ಎನ್ನಲಾಗದು. ಕೊರತೆ ಇರುವುದು ಆ ದುಡಿಮೆಗೆ ಬೆಲೆ ಕಟ್ಟುವ ಮನಸ್ಸಿಗೆ. ಖರ್ಜೂರದ ಕುಲಕ್ಕೇ ಸೇರಿದ ಈಚಲು ನಮ್ಮಲ್ಲೂ ಇದೆ. ಈಚಲು ಗರಿಯ ಚಾಪೆ, ಪೊರಕೆಗಳನ್ನು ಮಾಡುವವರು ತಮ್ಮ ಮಾಲಿಗೆ ಸರಿಯಾದ ಬೆಲೆ ಸಿಗದೆ ಕಸುಬು ಬಿಡುತ್ತಿರುವಾಗ ಈ ಮಾತು ಕನ್ನಡ ಓದುಗರಿಗೆ ದೂರದ್ದೇನೂ ಅಲ್ಲ.

ವಸ್ತುಸಂಗ್ರಹಾಲಯಗಳಿಂದಲೇ ಈ ತಿದ್ದುಪಡಿ ಶುರುವಾಗಬಹುದು. ಬೆಡೂಯಿನ್ ಗುಡಾರವನ್ನು ಪ್ರದರ್ಶನಕ್ಕಿಡುವಾಗ ಅದರೊಳಗಿನ ಬುಟ್ಟಿಯ ಎಲೆ ಯಾವ ಓಯಸಿಸಿನದು, ಯಾವ ಋತುವಿನಲ್ಲಿ, ಏನು ಕೊಟ್ಟು ತಂದದ್ದು ಎಂದು ಒಂದು ಸಾಲು ಬರೆದರೂ ಸಾಕು, ಗುಡಾರದಿಂದ ತೋಟಕ್ಕೆ, ತೋಟದಿಂದ ರೇವಿಗೆ ದಾರಿ ತೆರೆದುಕೊಳ್ಳುತ್ತದೆ. ಶಾಲೆಯ ಪಠ್ಯ, ಪ್ರವಾಸೋದ್ಯಮ, ಸಾಕ್ಷ್ಯಚಿತ್ರ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಅಲೆಮಾರಿ ಜನರನ್ನು ಜಗತ್ತಿನ ಸರ್ಕಾರಗಳು ಎರಡು ರೀತಿಯಲ್ಲಿ ತಪ್ಪಾಗಿ ಕಂಡಿವೆ: ಒಂದೋ ಯಾರ ಹಂಗೂ ಬೇಡದ ಸ್ವತಂತ್ರರು, ಆದ್ದರಿಂದ ಅವರಿಗೆ ಏನೂ ಕೊಡಬೇಕಿಲ್ಲ ಎಂದು, ಇಲ್ಲವೇ ಯಾರಿಗೂ ಉಪಯೋಗವಿಲ್ಲದವರು, ಆದ್ದರಿಂದ ಅವರನ್ನು ಒಂದು ಕಡೆ ಕಟ್ಟಿಹಾಕಬೇಕು ಎಂದು. ಎರಡೂ ತಪ್ಪುಗಳ ಬೇರು ಒಂದೇ, ಅವರನ್ನು ಬೇರೆಯವರಿಂದ ಬಿಡಿಸಿ ನೋಡುವುದು. ಮೇವು ಅರಸಿ ಹೋಗುವವರಿಗೆ ಬಾವಿಯ ಹಕ್ಕು, ದಾರಿಯ ಹಕ್ಕು, ಸಂತೆಯ ಹಕ್ಕು ಬೇಕಾಗುವುದು ಅವರು ದುರ್ಬಲರೆಂದಲ್ಲ. ಅವರ ಬದುಕು ಮೊದಲಿನಿಂದಲೂ ನೆಲೆ ನಿಂತವರ ಬದುಕಿನೊಡನೆ ಕೊಡುಕೊಳೆಯಲ್ಲೇ ನಡೆದು ಬಂದದ್ದರಿಂದ. ಖರ್ಜೂರದ ಗರಿಯ ಬುಟ್ಟಿ ಈ ಮಾತಿಗೆ ಶತಮಾನಗಳ ಸಾಕ್ಷ್ಯ ಒದಗಿಸಿದೆ. ಅದನ್ನು ಓದಲು ಕಲಿತ ಸಮಾಜ ಜಂಗಮವನ್ನೂ ಸ್ಥಾವರವನ್ನೂ ಎದುರಾಳಿಗಳಂತೆ ಕಾಣುವ ನೀತಿಗಳನ್ನು ಇನ್ನು ಮುಂದೆ ಸಮರ್ಥಿಸಲಾರದು.